ಡೇರೆ ಗೆಡ್ಡೆ ಕಾಯುವುದಿಲ್ಲ

ಮಲೆನಾಡಿನ ಮನೆಗಳಲ್ಲಿ ತೋಟ ಗಂಡಸರ ಲೆಕ್ಕ, ಹಿತ್ತಲು ಹೆಂಗಸರ ರಾಜ್ಯ. ಮಳೆ ನಕ್ಷತ್ರಗಳ ಮೇಲೆ ನಡೆಯುವ ಆ ರಾಜ್ಯದಲ್ಲಿ ಒಂಟಿತನಕ್ಕೆ ಔಷಧಿಯೇನೂ ಸಿಗುವುದಿಲ್ಲ. ಸಿಗುವುದು ಕೆಲಸ.

ಆರಿದ್ರೆ ಮಳೆ ಹಿಡಿದುಕೊಂಡಿತೆಂದರೆ ಸಾಗರ, ಹೊಸನಗರ, ಸಿದ್ದಾಪುರ, ಶಿರಸಿಯ ಸೀಮೆಯಲ್ಲಿ ನಡುಹಗಲಿಗೂ ಮುಸ್ಸಂಜೆಯ ಬಣ್ಣ. ಒಗೆದ ಬಟ್ಟೆ ಬಚ್ಚಲೊಲೆಯ ಮೇಲೆ ಹೊಗೆಯ ವಾಸನೆ ಹಿಡಿದು ಒಣಗಬೇಕು. ಎಲ್ಲೋ ಮರ ಬಿದ್ದು ಕರೆಂಟು ಹೋದರೆ ಬರುವ ಹೊತ್ತು ಲೈನ್‌ಮನ್‌ಗೂ ಗೊತ್ತಿರುವುದಿಲ್ಲ. ಅಂಗಳದಲ್ಲಿ ಪಾಚಿ ಕಟ್ಟಿ, ಜಾರದ ಹಾಗೆ ಅಡಿಕೆ ದಬ್ಬೆ ಹಾಸಿದ ದಾರಿಯಷ್ಟೇ ಕಾಲಿಡುವ ಜಾಗ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಳೆಯ ದೊಡ್ಡ ಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ಉಳಿದ ಮಲೆನಾಡಿನ ಹೆಚ್ಚಿನ ಕಡೆ ಬರುವುದು ಅದಕ್ಕಿಂತ ಬಹಳ ಕಡಿಮೆ ಇರಬಹುದು, ಮನೆಯೊಳಗೆ ಕೂರಿಸುವುದರಲ್ಲಿ ಮಾತ್ರ ಕಡಿಮೆ ಇಲ್ಲ.

ಆ ಬೂದುಬಣ್ಣದ ದಿನಗಳಲ್ಲಿ ಅಂಗಳದ ಅಂಚಿಗೆ, ಮಾಡಿನ ನೀರು ಬೀಳುವ ಸಾಲಿನಿಂದ ಒಂದಿಷ್ಟು ಒಳಗೆ, ಹಳೆಯ ಸಿಮೆಂಟು ಚೀಲ, ಒಡೆದ ಬಕೆಟ್ಟು, ಪ್ಲಾಸ್ಟಿಕ್ ಕೊಟ್ಟೆಗಳಲ್ಲಿ ಡೇರೆ, ಅಂದರೆ ಡೇಲಿಯಾ, ಗಿಡಗಳು ನಿಂತಿರುತ್ತವೆ. ಊಟದ ತಟ್ಟೆಯಗಲ ಅರಳಿದ ಹಳದಿ, ಕೆಂಪಿನೊಳಗೆ ಬಿಳಿ ಗೀಟು, ಕಪ್ಪಿಗೆ ತಿರುಗಿದ ಕೆಂಪು. ಬೇರೆ ಊರಿನವರಿಗೆ ಅದು ಹೂವು. ಇಲ್ಲಿನ ಹೆಂಗಸರಿಗೆ ಮಳೆಗಾಲದ ಮಾತುಕತೆ. ‘ನಿಮ್ಮಲ್ಲಿ ಮೊಗ್ಗು ಬಂತಾ?’ ಎಂಬುದು ಆಷಾಢದಲ್ಲಿ ‘ಊಟ ಆಯ್ತಾ?’ ಎನ್ನುವಷ್ಟೇ ಸಹಜವಾದ ಪ್ರಶ್ನೆ.

ತೋಟದ ಲೆಕ್ಕ ಬೇರೆ

ಅಡಿಕೆ ಬೆಳೆಯುವ ಮನೆಯಲ್ಲಿ ತೋಟ ಎಂದರೆ ಆದಾಯ, ಸಾಲ, ಸೊಸೈಟಿ, ದರ. ಮಳೆ ಬಿಡದಿದ್ದರೆ ಕೊಳೆರೋಗದ ಚಿಂತೆ. ಬಿಟ್ಟ ಒಂದು ಗಳಿಗೆಯಲ್ಲಿ ಬೋರ್ಡೋ ದ್ರಾವಣ ಹೊಡೆಯಲು ಮರ ಹತ್ತುವ ಕೊನೆಗಾರ ಸಿಗುತ್ತಾನೋ ಇಲ್ಲವೋ ಎಂಬ ಚಿಂತೆ. ಈಗ ಕೆಲವು ವರ್ಷಗಳಿಂದ ಎಲೆಚುಕ್ಕಿ ರೋಗದ ಭಯ ಬೇರೆ. ತೋಟದ ಒಂದು ಮರ ಸತ್ತರೂ ಅದು ರೂಪಾಯಿಯಲ್ಲಿ ನೋಯುತ್ತದೆ.

ಹಿತ್ತಲಿನಲ್ಲಿ ಆ ಭಯವಿಲ್ಲ. ಅಲ್ಲಿ ತೊಂಡೆ ಚಪ್ಪರ ಬಿದ್ದರೆ ಎತ್ತಿ ಕಟ್ಟಿದರಾಯಿತು. ಹರಿವೆ ಮಡಿಗೆ ಹುಳ ಬಿದ್ದರೆ ಬೂದಿ ಎರಚಿದರಾಯಿತು, ಆಗದಿದ್ದರೆ ಬಸಳೆ ಇದೆ. ಅಲ್ಲಿ ಸೋಲುವುದಕ್ಕೆ ಜಾಗವಿದೆ. ಯಾವ ಗಿಡ ಎಲ್ಲಿ, ಯಾರಿಗೆ ಎಷ್ಟು ಕುಡಿ ಎಂದು ಯಜಮಾನರನ್ನು ಕೇಳಬೇಕಾಗಿಲ್ಲ. ಆಸ್ತಿಯ ಕಾಗದದಲ್ಲಿ ಹೆಸರೇ ಇಲ್ಲದ ತಲೆಮಾರುಗಳ ಹೆಂಗಸರಿಗೆ ತಾವೇ ತೀರ್ಮಾನಿಸಿ, ತಾವೇ ಮಾಡಿ, ತಾವೇ ನೋಡಬಹುದಾದ ನೆಲ ಅದೊಂದೇ ಆಗಿತ್ತು. ಹಿತ್ತಲಿಗೆ ಹೋದರೆ ಮನಸ್ಸು ಹಗುರಾಗುತ್ತದೆ ಎಂದು ಅವರು ಹೇಳುವುದರ ಹಿಂದೆ ಹಸಿರಿನ ತಂಪು ಎಷ್ಟಿದೆಯೋ ಈ ಸ್ವಾತಂತ್ರ್ಯವೂ ಅಷ್ಟೇ ಇದೆ.

ಆ ನೆಲಕ್ಕೆ ಗಿಡ ಬರುವುದೂ ಹೆಂಗಸರ ದಾರಿಯಲ್ಲೇ. ಮದುವೆಯಾಗಿ ಬಂದವಳು ತವರಿನ ಸೂಜಿಮಲ್ಲಿಗೆಯ ಬೇರು ತಂದಿರುತ್ತಾಳೆ. ಸತ್ಯನಾರಾಯಣ ವ್ರತಕ್ಕೆ ಹೋದವರು ಕುಂಕುಮ ಹಚ್ಚಿಕೊಂಡ ಮೇಲೆ ಒಂದು ಸುತ್ತು ಹಿತ್ತಲಿಗೆ ಹೋಗಿ, ‘ಇದರದ್ದೊಂದು ಕುಡಿ ಕೊಡೇ ಮಾರಾಯ್ತಿ’ ಎಂದು ಕೇಳಿ, ಬಾಳೆಎಲೆಯಲ್ಲಿ ಸುತ್ತಿಕೊಂಡು ಬರುತ್ತಾರೆ. ಕೇಳಿದರೆ ಕೊಡದವರ ಮನೆಯಿಂದ ತಂದದ್ದಕ್ಕೂ ಸಮರ್ಥನೆಯಿದೆ: ಕದ್ದು ತಂದ ಗಿಡ ಚೆನ್ನಾಗಿ ಹಿಡಿಯುತ್ತದಂತೆ! ಹಾಗಾಗಿ ಹಳೆಯ ಹಿತ್ತಲಿನಲ್ಲಿ ಗಿಡಗಳಿಗೆ ಜನರ ಹೆಸರಿರುತ್ತದೆ. ಅದು ದೊಡ್ಡತ್ತೆಯ ಅಬ್ಬಲಿಗೆ, ಇದು ತಾಳಗುಪ್ಪದ ಅಕ್ಕನ ಗೋರಂಟೆ, ಆಚೆಯದು ಟೀಚರು ವರ್ಗವಾಗಿ ಹೋಗುವಾಗ ಕೊಟ್ಟ ದಾಸವಾಳ. ಕೊಟ್ಟವರು ಕೆಲವರು ಈಗಿಲ್ಲ. ಗಿಡಕ್ಕೆ ನೀರು ಹಾಕುವಾಗ ಹೆಸರು ಮಾತ್ರ ದಿನವೂ ಬಾಯಿಗೆ ಬರುತ್ತದೆ.

ಮೆಕ್ಸಿಕೋದಿಂದ ಮಾಡಿನ ಕೆಳಗೆ

ಡೇರೆಯ ತವರು ಇನ್ನೂ ದೂರ. ಅದು ಮೆಕ್ಸಿಕೋದ ಎತ್ತರದ ಗುಡ್ಡಗಳ ಗಿಡ. 1789ರಲ್ಲಿ ಅಲ್ಲಿಂದ ಸ್ಪೇನಿನ ಮ್ಯಾಡ್ರಿಡ್‌ನ ಸಸ್ಯೋದ್ಯಾನಕ್ಕೆ ಬೀಜ ಹೋಯಿತು. ಅಲ್ಲಿನ ಸಸ್ಯವಿಜ್ಞಾನಿ ಕವನಿಲ್ಲೆಸ್, 1791ರಲ್ಲಿ ಸ್ವೀಡನ್ನಿನ ಆಂಡರ್ಸ್ ಡಾಲ್ ಅವರ ನೆನಪಿಗೆ ಅದಕ್ಕೆ ಡೇಲಿಯಾ ಎಂದು ಹೆಸರಿಟ್ಟರು. ಮೆಕ್ಸಿಕೋ 1963ರಲ್ಲಿ ಅದನ್ನು ರಾಷ್ಟ್ರೀಯ ಪುಷ್ಪವೆಂದು ಘೋಷಿಸಿತು. ಮಲೆನಾಡಿನಲ್ಲಿ ಅದು ಯಾವತ್ತೋ ಡೇರೆಯಾಗಿ, ಗೌರಿಹಬ್ಬದ ಮಂಟಪಕ್ಕೂ ಹತ್ತಿ, ಊರಿನದೇ ಆಗಿಹೋಗಿದೆ.

ಗುಡ್ಡದ ಗಿಡವಾದ್ದರಿಂದ ಅದಕ್ಕೆ ತಂಪು ಬೇಕು. ಬೇಸಿಗೆಯ ಉರಿ ಆಗುವುದಿಲ್ಲ. ಮಲೆನಾಡಿನಲ್ಲಿ ತಂಪು ಸಿಗುವುದು ಮಳೆಗಾಲದಲ್ಲಿ. ಆದರೆ ಬುಡದಲ್ಲಿ ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಈ ಎರಡರ ನಡುವೆ ಅದನ್ನು ಉಳಿಸುವುದೇ ಡೇರೆ ಸಾಕುವವರ ವಿದ್ಯೆ. ಮಣ್ಣಿಗೆ ಸುಡುಮಣ್ಣು, ಒಣಗಿದ ಕೊಟ್ಟಿಗೆ ಗೊಬ್ಬರ, ಮರಳು ಬೆರೆಸಬೇಕು. ಕೊಟ್ಟೆಯ ಅಡಿಗೆ ತೂತಿರಬೇಕು. ಗಿಡ ಗೇಣುದ್ದ ಬಂದಾಗ ತುದಿ ಚಿವುಟಿದರೆ ಕವಲು ಒಡೆಯುತ್ತದೆ. ಚಿವುಟಿದ ಕುಡಿಯನ್ನು ಎಸೆಯದೆ ಊರಿದರೆ ಮಳೆಯ ತೇವಕ್ಕೆ ಅದೂ ಬೇರು ಬಿಡುತ್ತದೆ. ದೊಡ್ಡ ಹೂ ಬೇಕಾದವರು ಪಕ್ಕದ ಮೊಗ್ಗು ತೆಗೆದು ನಡುವಿನ ಒಂದನ್ನು ಬಿಡುತ್ತಾರೆ. ಹೂವಿನ ಭಾರಕ್ಕೆ ದಂಟು ಮುರಿಯದಂತೆ ಕೋಲು ಕೊಟ್ಟು ಬಾಳೆನಾರಿನಲ್ಲಿ ಸಡಿಲವಾಗಿ ಕಟ್ಟುತ್ತಾರೆ. ರಾತ್ರಿ ಬ್ಯಾಟರಿ ಹಿಡಿದು ಬಸವನ ಹುಳ ಹೆಕ್ಕುವುದು ದಿನದ ಕೊನೆಯ ಕೆಲಸ.

ಹಗಲು ಕಿರಿದಾಗುತ್ತ ಬಂದಂತೆ ಗಿಡ ತನ್ನ ಶಕ್ತಿಯನ್ನು ನೆಲದೊಳಕ್ಕೆ ಇಳಿಸಿಕೊಳ್ಳುತ್ತದೆ. ಮೇಲಿನ ದಂಟು ಒಣಗಿದ ಮೇಲೆ ಗೆಡ್ಡೆ ಕಿತ್ತು, ನೆರಳಲ್ಲಿ ಆರಿಸಿ, ಒಣ ಮರಳಿನಲ್ಲೋ ಬೂದಿ ಬೆರೆಸಿದ ಮಣ್ಣಿನಲ್ಲೋ ಇಟ್ಟರೆ ಬೇಸಿಗೆಯಿಡೀ ಸುಮ್ಮನೆ ಮಲಗಿರುತ್ತದೆ. ಬೇರ್ಪಡಿಸುವಾಗ ಒಂದು ಎಚ್ಚರ ಬೇಕು. ಆಲೂಗಡ್ಡೆಗೆ ಮೈತುಂಬ ಕಣ್ಣಿರುತ್ತದೆ. ಡೇರೆಗೆ ಕಣ್ಣಿರುವುದು ಹಳೆಯ ದಂಟು ಸೇರುವ ಕುತ್ತಿಗೆಯಲ್ಲಿ ಮಾತ್ರ. ಕುತ್ತಿಗೆ ಮುರಿದ ಗೆಡ್ಡೆ ಎಷ್ಟೇ ದಪ್ಪಗಿದ್ದರೂ ಮೊಳೆಯುವುದಿಲ್ಲ. ಕಣ್ಣಿರುವುದಂತೂ ಭರಣಿ, ಕೃತ್ತಿಕೆಯ ಹೊತ್ತಿಗೆ ಗಾಳಿಯಲ್ಲಿ ತೇವ ಸೇರಿದ ಕೂಡಲೇ ಅಟ್ಟದ ಕತ್ತಲಲ್ಲೇ ಚಿಗುರಲು ಶುರು.

ಸಮಾಧಾನ ಹೇಳಿದವರು, ಕೆಲಸ ಹೇಳಿದ್ದು

ನನ್ನ ಚಿಕ್ಕಮ್ಮ ಡೇರೆಯವಳು. ಮಕ್ಕಳಿಬ್ಬರೂ ಓದಿ ಊರು ಬಿಟ್ಟವರು. ಕೆಲವು ವರ್ಷಗಳ ಹಿಂದೆ ರೋಹಿಣಿ ಮಳೆಯ ಹೊತ್ತಿಗೆ ಚಿಕ್ಕಪ್ಪ ತೀರಿಕೊಂಡರು. ಹದಿಮೂರರ ಊಟದ ದಿನ ಮನೆತುಂಬ ಜನ. ಬಂದವರೆಲ್ಲ ಅವಳ ಪಕ್ಕ ಕೂತು ಸಮಾಧಾನ ಹೇಳಿದರು. ಧೈರ್ಯ ತಂದುಕೋ ಎಂದರು, ಬೆಂಗಳೂರಿಗೆ ಹೋಗಿ ಮಗನ ಜತೆ ಇರು ಎಂದರು. ಅವಳು ಎಲ್ಲದಕ್ಕೂ ತಲೆಯಾಡಿಸಿದಳು. ಮಾರನೆಯ ದಿನದಿಂದ ಕಾರುಗಳು ಒಂದೊಂದೇ ಹೊರಟವು. ಮೃಗಶಿರ ಮಳೆ ಬಲವಾಯಿತು.

ಆ ಮಳೆಗಾಲ ಹೇಗೆ ಕಳೆದೆ ಎಂದು ನಾನು ಬಹಳ ದಿನಗಳ ಮೇಲೆ ಕೇಳಿದೆ. ದೊಡ್ಡ ಮಾತೇನಾದರೂ ಬರಬಹುದು ಅಂದುಕೊಂಡಿದ್ದೆ. ‘ಎಂತ ಮಾಡ್ಲಿ, ಅಟ್ಟದ ಮೇಲೆ ಗೆಡ್ಡೆ ಚಿಗುರಿ ಹೋಗಿತ್ತು. ನೆಡದಿದ್ರೆ ಸೊರಗ್ತಿತ್ತು’ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಬಂದವ್ರೆಲ್ಲ ಸಮಾಧಾನ ಹೇಳಿದ್ರು. ಡೇರೆ ಮಾತ್ರ ಕೆಲಸ ಹೇಳ್ತು’ ಎಂದಳು.

ಗಿಡಗಳು ನಮ್ಮ ನೋವನ್ನು ಅರಿಯುತ್ತವೆ, ನಾವು ಮಾತಾಡಿದರೆ ಕೇಳಿಸಿಕೊಳ್ಳುತ್ತವೆ ಎಂದೆಲ್ಲ ಬರೆಯುವುದು ಸುಲಭ. ಚಿಕ್ಕಮ್ಮನ ಅನುಭವ ಅದಕ್ಕೆ ಉಲ್ಟಾ. ಡೇರೆಗೆ ಚಿಕ್ಕಪ್ಪ ಹೋದದ್ದು ಗೊತ್ತಿರಲಿಲ್ಲ. ಮೃಗಶಿರದಲ್ಲಿ ನೆಡಬೇಕು, ಅಷ್ಟೇ ಅದರ ಹಟ. ಮನುಷ್ಯರ ಮುಂದೆ ದುಃಖಿಸುವವರಿಗೆ ಒಂದು ಹೆಚ್ಚಿನ ಹೊರೆ ಇರುತ್ತದೆ: ಬಂದವರ ಕಣ್ಣಿಗೆ ತಾನು ಹೇಗೆ ಕಾಣುತ್ತಿದ್ದೇನೆ ಎಂಬುದು. ಬೇಗ ನಕ್ಕರೆ ಒಂದು ಮಾತು, ನಗದಿದ್ದರೆ ಇನ್ನೊಂದು. ಹಿತ್ತಲಿನಲ್ಲಿ ಆ ಕಟ್ಟುಪಾಡಿಲ್ಲ. ಅಳುತ್ತಲೂ ಕಳೆ ಕೀಳಬಹುದು. ಕಳೆ ಕೀಳುತ್ತ ಅಳು ಮರೆತುಹೋದರೂ ಯಾರೂ ಲೆಕ್ಕ ಇಡುವುದಿಲ್ಲ.

ಸಂಶೋಧಕರೂ ಈ ವಿಷಯದ ಸುತ್ತಮುತ್ತ ಓಡಾಡಿದ್ದಾರೆ. ಅಮೆರಿಕದ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ಹೆಸರಾದದ್ದು: ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದವರಲ್ಲಿ, ಕಿಟಕಿಯಾಚೆ ಮರ ಕಾಣುತ್ತಿದ್ದ ರೋಗಿಗಳು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ಬಲವಾದ ನೋವಿನ ಔಷಧಿಯನ್ನೂ ಕಡಿಮೆ ತೆಗೆದುಕೊಂಡರು. ನೆದರ್‌ಲ್ಯಾಂಡ್ಸಿನಲ್ಲಿ 2011ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಕೈತೋಟದ ಹವ್ಯಾಸವಿದ್ದ 30 ಜನರಿಗೆ ಮೊದಲು ತಲೆ ಬಿಸಿಯಾಗುವ ಕೆಲಸ ಕೊಟ್ಟು, ಆಮೇಲೆ ಅರ್ಧ ಗಂಟೆ ಕೆಲವರನ್ನು ತೋಟದ ಕೆಲಸಕ್ಕೆ, ಕೆಲವರನ್ನು ಓದಲಿಕ್ಕೆ ಬಿಟ್ಟರು. ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಎರಡೂ ಗುಂಪಿನಲ್ಲಿ ಇಳಿಯಿತು. ತೋಟದಲ್ಲಿದ್ದವರಲ್ಲಿ ಹೆಚ್ಚು ಇಳಿಯಿತು. ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯಕೀಯ ಪುನರ್ವಸತಿ ಸೇವೆಯಲ್ಲೂ ತೋಟಗಾರಿಕೆಗೆ ಜಾಗವಿದೆ. ಇವೆಲ್ಲ ಅರ್ಧ ಗಂಟೆಯ, ಒಂದು ವಾರದ ಅಳತೆಗಳು. ನಾಳೆಯೂ ಬರಬೇಕು, ನಾಡಿದ್ದೂ ಬರಬೇಕು ಎಂದು ಎಳೆಯುವ ಋತುವಿನ ಹಗ್ಗ ಅಳತೆಗೆ ಸಿಕ್ಕುವುದು ಕಷ್ಟ.

ಮಳೆಗೊಂದು ಕೆಲಸ

ಆ ಹಗ್ಗ ಹೊಸೆದಿರುವುದು ನಕ್ಷತ್ರಗಳಿಂದ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ 13–14 ದಿನಕ್ಕೆ ಆ ಹೆಸರಿನ ಮಳೆ. ಜೂನ್ 8ರ ಸುಮಾರಿಗೆ ಮೃಗಶಿರ, 22ರ ಹೊತ್ತಿಗೆ ಆರಿದ್ರೆ, ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ, ಮಖೆ. ತಿಂಗಳೆಂದರೆ ದುಃಖಿತರಿಗೆ ಬಹಳ ಉದ್ದ. ಹದಿನಾಲ್ಕು ದಿನವನ್ನು ಹೇಗೋ ದಾಟಬಹುದು, ಅಷ್ಟರಲ್ಲಿ ಮುಂದಿನ ಮಳೆ ಹೊಸ ಕೆಲಸ ಹಿಡಿದು ಬಂದಿರುತ್ತದೆ.

ಪುಷ್ಯದಲ್ಲಿ ಹೊರಗಿನ ತರಕಾರಿ ಕಡಿಮೆ. ಆಗ ಹಿತ್ತಲಿನ ಕೆಸುವಿನೆಲೆ ಕರ್ಕಲಿಯಾಗುತ್ತದೆ. ಮರದ ಕವೆಯಲ್ಲಿ ತಾನಾಗಿ ಹುಟ್ಟಿದ ಮರಕೆಸು ಪತ್ರೊಡೆಯಾಗುತ್ತದೆ. ಒಂದೆಲಗ, ದೊಡ್ಡಪತ್ರೆ, ಚಕ್ರಮುನಿ ದಿನಕ್ಕೊಂದರಂತೆ ತಂಬುಳಿಗೆ ಬೀಳುತ್ತವೆ. ಚೌತಿಯ ಹೊತ್ತಿಗೆ ಹೀರೆ, ಬೆಂಡೆ, ಮುಳ್ಳುಸೌತೆ ಕೈಗೆ ಬಂದು, ಉತ್ತರ ಕನ್ನಡದ ಮನೆಗಳಲ್ಲಿ ಗಣಪತಿಯ ತಲೆಯ ಮೇಲೆ ಫಲಾವಳಿಯಾಗಿ ತೂಗುತ್ತವೆ. ಪೂಜೆಗೆ ಬಂದವರು ಕೈ ಮುಗಿದು ಆದ ಮೇಲೆ ತಲೆಯೆತ್ತಿ ನೋಡುವುದು ಅದನ್ನೇ. ಆ ವರ್ಷ ಯಾರ ಹಿತ್ತಲು ಹೇಗಿತ್ತೆಂಬುದರ ಬಹಿರಂಗ ಫಲಿತಾಂಶ ಅದು.

ಆಶ್ವಯುಜದ ಭೂಮಿ ಹುಣ್ಣಿಮೆಗೆ ಗದ್ದೆಯ ಭತ್ತ ಹೊಡೆಯಲ್ಲಿರುತ್ತದೆ. ಭೂಮಿ ಬಸುರಿ ಎಂಬ ಭಾವ. ಮಲೆನಾಡಿನ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು ಚಿತ್ತಾರ ಬರೆಯುತ್ತಾರೆ. ಹಿತ್ತಲು, ಬೇಲಿ, ಕಾಡಂಚಿನಿಂದ ಹತ್ತಾರು ಬಗೆಯ ಸೊಪ್ಪು ಕುಡಿ ಕೊಯ್ದು ರಾತ್ರಿಯಿಡೀ ಅಡುಗೆ ಮಾಡಿ, ನಸುಕಿನಲ್ಲಿ ಗದ್ದೆಗೆ ಒಯ್ದು ಬೀರುತ್ತಾರೆ. ಬಸುರಿಯ ಬಯಕೆ ತೀರಿಸುವ ಊಟ. ವರ್ಷವಿಡೀ ನಮಗೆ ಉಣಿಸುವ ನೆಲಕ್ಕೆ ಒಂದು ದಿನ ನಾವು ಉಣಿಸಬೇಕು ಎನ್ನುವ ಜನಕ್ಕೆ ನೆಲ ಬರಿಯ ಜಾಗವಾಗಿ ಉಳಿಯುವುದು ಸಾಧ್ಯವಿಲ್ಲ.

ದೀಪಾವಳಿಗೆ ಗೊಂಡೆ ಹೂ, ಅದರ ಬೆನ್ನಿಗೆ ಸೇವಂತಿಗೆ. ಸೇವಂತಿಗೆಗೆ ರಾತ್ರಿ ಉದ್ದವಾದರೇ ಮೊಗ್ಗು. ಅಂಗಳದಲ್ಲಿ ಬೆಳಗಿನ ತನಕ ಉರಿಯುವ ಬಲ್ಬಿನ ಕೆಳಗಿಟ್ಟ ಗಿಡ ಹೂ ಬಿಡದೆ ಬರೀ ಸೊಪ್ಪು ಬೆಳೆಯುವುದು ಅದಕ್ಕೇ; ದೀಪ ಆರಿಸಿ ಮಲಗಿದರೆ ಅದು ಹೂ ಬಿಡುತ್ತದೆ. ಚಳಿ ಇಳಿಯುವಾಗ ಸುರಗಿ ಮರದಡಿ ಜೇನಿನ ಮೊರೆತ. ಪೋಣಿಸಿದ ಸುರಗಿ ದಂಡೆ ಒಣಗಿ ಕಂದಾದ ಮೇಲೂ ಬಟ್ಟೆಯ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಘಮಘಮಿಸುತ್ತದೆ. ಬೇಸಿಗೆ ಎಂದರೆ ಬಾವಿಯ ನೀರು, ಪಾತ್ರೆ ತೊಳೆದ ನೀರನ್ನು ಬಸಳೆ ಬುಡಕ್ಕೆ ತಿರುಗಿಸುವ ಉಪಾಯ, ಮೊಗೆಕಾಯಿಗೆ ಬಾಳೆನಾರು ಕಟ್ಟಿ ಜಂತಿಗೆ ತೂಗುಹಾಕುವುದು, ಬೀಜಕ್ಕೆ ಬೂದಿ ಬೆರೆಸಿ ಎತ್ತಿಡುವುದು. ಹೀರೆಯನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು, ಇಡೀ ಕಾಯಿಯನ್ನು ಒಲೆಯ ಮೇಲೆ ಹೊಗೆಗೆ ಕಟ್ಟಿದರೆ ಒಳಗಿನ ಬೀಜಕ್ಕೆ ಹುಳ ಮುಟ್ಟುವುದಿಲ್ಲ. ಇಷ್ಟಾಗುವಾಗ ಮರದ ಮೇಲೆ ಸೀತಾಳೆ ದಂಡೆ ಬಿಟ್ಟಿರುತ್ತದೆ, ಮತ್ತೆ ರೋಹಿಣಿ.

ಮಂಗನೂ ಮಳೆಯೂ

ಈ ಚಕ್ರ ಈಗ ಮೊದಲಿನಷ್ಟು ಸರಾಗವಾಗಿಲ್ಲ. ಮಂಗನ ಹಿಂಡು ಬಂದರೆ ಬೆಂಡೆ, ಅಲಸಂದೆ ಇರಲಿ, ಡೇರೆ ಮೊಗ್ಗನ್ನೂ ಚಿವುಟಿ ಎಸೆಯುತ್ತದೆ. ರಾತ್ರಿ ಮುಳ್ಳುಹಂದಿ ಗೆಡ್ಡೆಗೆ ಬರುತ್ತದೆ. ತರಕಾರಿ ಕೈಬಿಟ್ಟು, ಮಂಗ ಮುಟ್ಟದ ಸೊಪ್ಪಿಗೆ ಇಳಿದವರು ಎಷ್ಟೋ ಜನ. ಮಳೆಯಂತೂ ಪಂಚಾಂಗದ ಮಾತು ಕೇಳುತ್ತಿಲ್ಲ. 2019ರ ಆಗಸ್ಟ್‌ನಲ್ಲಿ ಆಶ್ಲೇಷ ಮಳೆ ರಾಜ್ಯದ ಹಲವು ಭಾಗಗಳನ್ನು ಮುಳುಗಿಸಿತು. 2023ರಲ್ಲಿ ಅದೇ ಆಗಸ್ಟ್ ದೇಶದಲ್ಲಿ 1901ರಿಂದೀಚೆಗೆ ಅತಿ ಒಣ ಆಗಸ್ಟ್ ಎನಿಸಿತು, ಕರ್ನಾಟಕದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಆಶ್ಲೇಷದಲ್ಲಿ ಡೇರೆಗೆ ಕೊಡದಿಂದ ನೀರು ಹೊಯ್ಯುವ ದಿನ ಬರುತ್ತದೆಂದು ಅಜ್ಜಿಯಂದಿರಿಗೆ ಹೇಳಿದ್ದರೆ ನಗುತ್ತಿದ್ದರು.

ಮನೆಗಳೂ ಬರಿದಾಗಿವೆ. ದೊಡ್ಡ ಜಗುಲಿಯ ಮನೆಯಲ್ಲಿ ಇಬ್ಬರು, ಕೆಲವು ಕಡೆ ಒಬ್ಬರೇ. ವ್ರತ, ಮುಂಜಿಗಳು ಊರ ಸಭಾಭವನಕ್ಕೆ ಹೋದ ಮೇಲೆ ಊಟ ಮುಗಿಸಿ ಹಿತ್ತಲು ಸುತ್ತುವ ಪದ್ಧತಿ ತಪ್ಪಿತು. ಅದರ ಜಾಗಕ್ಕೆ ವಾಟ್ಸ್‌ಆ್ಯಪ್ ಗುಂಪುಗಳು ಬಂದಿವೆ. ಬೆಳಗಾದರೆ ಅರಳಿದ ಡೇರೆಯ ಫೋಟೊ, ‘ಈ ಬಣ್ಣ ನನ್ನಲ್ಲಿ ಇಲ್ಲೆ’ ಎಂಬ ಬೇಡಿಕೆ, ಬಸ್ಸಿನ ಕಂಡಕ್ಟರ ಕೈಯಲ್ಲಿ ಗೆಡ್ಡೆಯ ಪೊಟ್ಟಣ. ಶಿರಸಿಯಲ್ಲಿ 2001ರಲ್ಲಿ ಶುರುವಾದ ‘ವನಸ್ತ್ರೀ’ ಎಂಬ ಮಹಿಳೆಯರ ಬಳಗ ಇದೇ ಹಿತ್ತಲಿನ ವಿದ್ಯೆಯನ್ನು, ನಾಟಿ ತರಕಾರಿಯ ಬೀಜಗಳನ್ನು ಒಬ್ಬರಿಂದೊಬ್ಬರಿಗೆ ದಾಟಿಸುವ ಕೆಲಸ ಮಾಡುತ್ತ ಬಂದಿದೆ. ಅದರ ಮಲೆನಾಡ ಮೇಳಕ್ಕೆ ಹೆಂಗಸರು ಬೀಜದ ಪೊಟ್ಟಣ, ಗೆಡ್ಡೆ, ಗಿಡ ಹೊತ್ತು ಬರುತ್ತಾರೆ.

ಕೊಟ್ಟದ್ದು ಉಳಿಯಿತು

ಆ 2019ರ ಆಶ್ಲೇಷದಲ್ಲಿ ಚಿಕ್ಕಮ್ಮನ ಹಿತ್ತಲಿನ ದರೆ ಜರಿಯಿತು. ನೀರು, ಕೆಸರು ನುಗ್ಗಿ ಕೊಟ್ಟೆಗಳೆಲ್ಲ ಮುಳುಗಿ ಎಷ್ಟೋ ಬಣ್ಣ ಕೊಳೆತುಹೋದವು. ಅವಳ ಅತ್ತೆಯ ಕಾಲದಿಂದ ಬಂದ ಕಪ್ಪುಗೆಂಪಿನದೂ ಹೋಯಿತು. ಚಿಕ್ಕಮ್ಮ ಗಾಬರಿಯಾಗಲಿಲ್ಲ. ಫೋನು ಹಿಡಿದು ಕೂತಳು. ಗೀಟಿನದು ಹೊಸನಗರದ ನಾದಿನಿಯ ಮನೆಯಲ್ಲಿತ್ತು. ಹಳದಿ, ಕೆಳಗಿನ ಮನೆಯ ಹಾಲು ಡೈರಿಯವಳ ಹತ್ತಿರ. ಕಪ್ಪುಗೆಂಪು ಸಿಕ್ಕಿದ್ದು ಬೆಂಗಳೂರಿನಲ್ಲಿ, ಅಣ್ಣನ ಮಗಳ ಮೂರನೆಯ ಮಹಡಿಯ ಬಾಲ್ಕನಿಯಲ್ಲಿ. ಆ ಹುಡುಗಿ ಹಿಂದೊಂದು ರಜೆಯಲ್ಲಿ ಒಯ್ದದ್ದು. ಬೆಂಗಳೂರಿನ ಹದ ಹವೆಗೆ ಅಲ್ಲಿ ಗಿಡ ಸುಖವಾಗಿತ್ತು. ಮುಂದಿನ ಬೇಸಿಗೆಗೆ ಅವಳು ಎರಡು ಗೆಡ್ಡೆಯನ್ನು ಪೇಪರಿನಲ್ಲಿ ಸುತ್ತಿ ಊರಿಗೆ ಕಳಿಸಿದಳು.

ಡೇರೆ ಸಾಕುವವರು ಇದನ್ನು ಯಾವತ್ತೋ ಕಂಡುಕೊಂಡಿದ್ದಾರೆ. ಒಬ್ಬಳೇ ಇಟ್ಟುಕೊಂಡ ಬಣ್ಣ ಒಂದು ಕೆಟ್ಟ ಮಳೆಗೆ ಮುಗಿಯುತ್ತದೆ. ನಾಲ್ಕು ಮನೆಗೆ ಕೊಟ್ಟದ್ದು ಮುಗಿಯುವುದಿಲ್ಲ. ಹಾಗಾಗಿ ಇಲ್ಲಿ ಕೊಡುವುದು ಬರೀ ಔದಾರ್ಯವಲ್ಲ, ಉಳಿಸಿಕೊಳ್ಳುವ ದಾರಿಯೂ ಹೌದು. ಒಂಟಿಯಾಗಿರುವ ಹೆಂಗಸಿಗೆ ಇದರಿಂದ ಇನ್ನೊಂದು ಲಾಭವಿದೆ. ಗೆಡ್ಡೆ ಕೊಟ್ಟ ಮನೆಗೆ ಫೋನು ಮಾಡಲು ಕಾರಣ ಹುಡುಕಬೇಕಿಲ್ಲ. ಮೊಗ್ಗು ಬಂತಾ ಎಂದು ಕೇಳಬಹುದು. ಅಲ್ಲಿಂದ ಮೊಣಕಾಲು ನೋವು, ಸೊಸೆಯ ಬಾಣಂತನ, ಅಡಿಕೆ ರೇಟು ಎಲ್ಲ ತಾನಾಗಿ ಬರುತ್ತವೆ.

ನಗರದಲ್ಲಿ ಕುಂಡ ಇಟ್ಟು ನೋಡಬೇಕೆಂದಿರುವವರಿಗೆ ಚಿಕ್ಕಮ್ಮನ ಸಲಹೆ ಇಷ್ಟೇ: ಮೊದಲ ಗಿಡವನ್ನು ನರ್ಸರಿಯಲ್ಲಿ ಕೊಳ್ಳಬೇಡಿ, ಯಾರ ಹತ್ತಿರವಾದರೂ ಕೇಳಿ ತನ್ನಿ. ಬದುಕದಿದ್ದರೆ ನಾಚಿಕೆಯಿಲ್ಲದೆ ಮತ್ತೆ ಕೇಳಿ. ಬದುಕಿದರೆ ಮರುವರ್ಷ ಇಬ್ಬರಿಗೆ ಕೊಡಿ. ಅವಳ ತೋಟದ ಪಾಲುಪಟ್ಟಿ ಮಕ್ಕಳ ಹೆಸರಿಗೆ ಆಗಿ ಮುಗಿದಿದೆ, ಎರಡೇ ಹೆಸರು. ಡೇರೆಯ ಪಾಲು ಯಾರ್ಯಾರಿಗೆ ಹೋಗಿದೆ ಎಂದು ಹಳೆಯ ಪಂಚಾಂಗದ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟ ಪಟ್ಟಿಗೆ ಈ ಮೃಗಶಿರದಲ್ಲೂ ಹೊಸ ಹೆಸರುಗಳು ಸೇರಿವೆ.